ಕಾನಿಂದ ಕುರುಚಲು ಕಾಡಿನ ತನಕ: ಕಾರ್ಬನ್ ಅಳೆಯೋದು ಹೇಗೆ

ಕಾಡಿನ ಕಾರ್ಬನ್ ಅಳೀಬೇಕು ಅಂದ ತಕ್ಷಣ ಸ್ಯಾಟಲೈಟು, ಡ್ರೋನು ಅಂತ ತಲೆ ಕೆಡಿಸ್ಕೋಬೇಡಿ, ಒಂದು ಟೇಪು, ಉದ್ದನೆ ಹಗ್ಗ, ಸೀಮೆಸುಣ್ಣ, ಆಮೇಲೆ ಮರಗಳ ಹೆಸರು ಗೊತ್ತಿರೋ ಆ ಊರಿನ ಹಿರಿಯರೊಬ್ಬರು ಸಿಕ್ಕಿದ್ರೆ ಶುರು ಮಾಡಬಹುದು. ಟೈಲರ್ ಟೇಪು ಬೇಡ, ಅದು 150 ಸೆಂ.ಮೀ.ಗೆ ಮುಗಿದುಹೋಗುತ್ತೆ, ಶಿರಸಿ ಕಡೆ ಕಾನಲ್ಲಿ, ಅಂದ್ರೆ ದಟ್ಟ ನಿತ್ಯಹಸಿರು ಕಾಡಲ್ಲಿ, ದೊಡ್ಡ ಮರಕ್ಕೆ ಅದು ಸುತ್ತು ಬರಲ್ಲ. ಅರಣ್ಯ ಇಲಾಖೆ ಪರ್ಮಿಷನ್ ಮಾತ್ರ ಮೊದಲೇ ಬರವಣಿಗೆಯಲ್ಲಿ ತಗೊಳ್ಳಿ, ಮಣ್ಣು ತೆಗೆಯೋದು ಗಿಡ ಕೊಯ್ಯೋದು ಎಲ್ಲಾ ಇದೆ ಇದರಲ್ಲಿ.

ಮೊದಲು ಪ್ಲಾಟ್, ಅಂದ್ರೆ ಅಳತೆಗೆ ಹಗ್ಗ ಕಟ್ಟಿ ಗುರುತಿಸೋ ಜಾಗ. ದೇಶದ ಕಾಡಿನ ಲೆಕ್ಕ ಇಡೋ ಫಾರೆಸ್ಟ್ ಸರ್ವೆ ಆಫ್ ಇಂಡಿಯಾದವರು ಬಹಳ ವರ್ಷ 0.1 ಹೆಕ್ಟೇರ್ ತಗೋತಿದ್ರು, ಅಂದ್ರೆ 31.62 ಮೀಟರ್ ಬದಿಯ ಚೌಕ, ನೀವೂ ಅದನ್ನೇ ಇಟ್ಕೊಳ್ಳಿ, ಹೋಲಿಕೆಗೆ ಸುಲಭ. ಇಳಿಜಾರಲ್ಲಿ ಹಗ್ಗ ನೆಲದ ಮೇಲೆ ಎಳೆದು ಅಳೆದ್ರೆ ಪ್ಲಾಟ್ ಚಿಕ್ಕದಾಗುತ್ತೆ. 30 ಡಿಗ್ರಿ ಇಳಿಜಾರು ಇದ್ರೆ ಆ ದಿಕ್ಕಲ್ಲಿ 36.5 ಮೀಟರ್ ಎಳೀಬೇಕು. ಪ್ಲಾಟನ್ನ ಚೆನ್ನಾಗಿರೋ ಜಾಗ ನೋಡಿ ಹಾಕೋದು ಎಲ್ಲರೂ ಮಾಡೋ ಮೋಸ, ಬೇಕಂತ ಅಲ್ಲ, ಕಾಲು ಅಲ್ಲಿಗೇ ಹೋಗುತ್ತೆ. ಮನೇಲೇ ಮ್ಯಾಪ್ ಮೇಲೆ ಪಾಯಿಂಟ್ ಹಾಕ್ಕೊಂಡು ಹೋಗಿ, ಅಲ್ಲಿ ಮುಳ್ಳಿರಲಿ ಉಂಬಳ ಇರಲಿ ಅಲ್ಲೇ ಹಗ್ಗ ಕಟ್ಟಿ.

ಸುತ್ತಳತೆ ತಗೊಳ್ಳೋದು ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಇಳಿಜಾರಲ್ಲಾದ್ರೆ ಮೇಲಿನ ಬದಿ ನಿಂತು. ಒಂದು ಕೋಲನ್ನ ಅಷ್ಟೇ ಉದ್ದಕ್ಕೆ ಕಡಿದು ಇಟ್ಕೊಳ್ಳಿ, ಪ್ರತಿ ಸಲ ಅಳೆಯೋ ಗೋಜಿಲ್ಲ. ಬುಡದಲ್ಲಿ ಹಲಗೆ ಥರ ಬೇರು ಚಾಚಿರೋ ಮರ ಕಾನಲ್ಲಿ ಜಾಸ್ತಿ, ಅಂಥದ್ದಕ್ಕೆ ಬೇರು ಮುಗಿದ ಮೇಲೆ ಒಂದು ಗೇಣು ಬಿಟ್ಟು ಅಳೀರಿ ಮತ್ತು ಎಷ್ಟು ಎತ್ತರದಲ್ಲಿ ಅಳೆದ್ರಿ ಅಂತ ಬರೀರಿ. ಅಳೆದ ಮರಕ್ಕೆ ಸೀಮೆಸುಣ್ಣದ ಗುರುತು ಹಾಕೋದು ಮರೀಬೇಡಿ, ನಾನು ಒಂದು ಸಲ ಮಳೆ ಶುರುವಾಯ್ತು ಅಂತ ಅವಸರದಲ್ಲಿ ಒಂದೇ ಹೊನ್ನೆ ಮರನ ಎರಡು ಸಲ ಬರೆದು, ಮನೆಗೆ ಬಂದು ಲೆಕ್ಕ ಹಾಕಿದ್ರೆ ಪ್ಲಾಟೇ ಸಿಕ್ಕಾಪಟ್ಟೆ ಶ್ರೀಮಂತ!

ಎತ್ತರಕ್ಕೆ ಫೋನಿನ ಆಂಗಲ್ ಆ್ಯಪ್ ಸಾಕು. 20 ಮೀಟರ್ ದೂರ ನಿಂತು ತುದಿ 40 ಡಿಗ್ರಿ ಬಂದ್ರೆ 16.8 ಮೀಟರ್, ಅದಕ್ಕೆ ನಿಮ್ಮ ಕಣ್ಣಿನ ಎತ್ತರ ಸೇರಿಸಿ, ಇದು ಸಮತಟ್ಟು ಜಾಗದ ಲೆಕ್ಕ.

ಈಗ ಲೆಕ್ಕ. ವಿಜ್ಞಾನಿ ಜೆರೋಮ್ ಶಾವ್ ಮತ್ತು ಜೊತೆಗಾರರು 2014ರಲ್ಲಿ ಕೊಟ್ಟ ಸೂತ್ರ ಉಷ್ಣವಲಯದ ಕಾಡಿಗೆಲ್ಲ ಬಳಕೆಯಲ್ಲಿದೆ: ಕಟ್ಟಿಗೆಯ ಸಾಂದ್ರತೆ, ವ್ಯಾಸದ ವರ್ಗ, ಎತ್ತರ ಮೂರನ್ನೂ ಗುಣಿಸಿ, ಬಂದಿದ್ದನ್ನ 0.976 ಘಾತಕ್ಕೆ ಏರಿಸಿ, 0.0673ರಿಂದ ಗುಣಿಸಿದ್ರೆ ಮರದ ಒಣ ತೂಕ ಕೆ.ಜಿ.ಯಲ್ಲಿ ಬರುತ್ತೆ. ಸಾಂದ್ರತೆ ಅಂದ್ರೆ ಒಂದು ಘನ ಸೆಂ.ಮೀ. ಕಟ್ಟಿಗೆ ಎಷ್ಟು ಗ್ರಾಂ ಅಂತ, ಎತ್ತರ ಮೀಟರಲ್ಲಿ, ವ್ಯಾಸ ಸೆಂ.ಮೀ.ಯಲ್ಲಿ, ಅಂದ್ರೆ ಸುತ್ತಳತೆ ಭಾಗಿಸು 3.14. ಒಂದು ಮತ್ತಿ ಮರ, ಸುತ್ತಳತೆ 126 ಸೆಂ.ಮೀ., ಎತ್ತರ 20 ಮೀಟರ್, ಸಾಂದ್ರತೆ 0.73 ಅಂತ ಇಟ್ಕೊಳ್ಳಿ, ಸುಮಾರು 1,235 ಕೆ.ಜಿ. ಅದರಲ್ಲಿ ಕಾರ್ಬನ್ 0.47 ಭಾಗ, 580 ಕೆ.ಜಿ. ಅದೇ ಗಾತ್ರದ ಬೂರುಗ ಆಗಿದ್ರೆ? ಸಾಂದ್ರತೆ 0.35 ಹಾಕಿ ನೋಡಿ, ಕಾರ್ಬನ್ 283 ಕೆ.ಜಿ.ಗೆ ಇಳಿಯುತ್ತೆ, ಅರ್ಧ ಕೂಡ ಇಲ್ಲ. ಅದಕ್ಕೇ ಮರದ ಹೆಸರು ಹೇಳೋ ಹಿರಿಯರು ಬೇಕು ಅಂದಿದ್ದು. ಸೊಪ್ಪಿನಬೆಟ್ಟದಲ್ಲಿ ಇನ್ನೊಂದು ತಲೆನೋವು, ಅಡಿಕೆ ತೋಟಕ್ಕೆ ವರ್ಷ ವರ್ಷ ಸೊಪ್ಪು ಕಡಿದು ಕೊಂಬೆಯೇ ಇಲ್ಲದ ಮರ, ಸೂತ್ರ ಅದಕ್ಕೆ ಇಲ್ಲದ ಕೊಂಬೆನೂ ಸೇರಿಸಿ ಜಾಸ್ತಿ ತೋರಿಸುತ್ತೆ, ಅಂಥ ಪ್ಲಾಟನ್ನ ಬೇರೆ ಪಟ್ಟಿಯಲ್ಲೇ ಇಡಿ. ಬಿದಿರಿಗೂ ಈ ಸೂತ್ರ ಹಾಕ್ಬೇಡಿ, ಅದು ಒಳಗೆ ಟೊಳ್ಳು, ಅದರ ಲೆಕ್ಕವೇ ಬೇರೆ.

ಬೇರನ್ನ ಅಗೆದು ನೋಡೋಕಾಗಲ್ಲ, ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿ 2006ರಲ್ಲಿ ಕೊಟ್ಟ ಅನುಪಾತ ಬಳಸ್ತಾರೆ: ಮಳೆಕಾಡಿಗೆ ನೆಲದ ಮೇಲಿನ ತೂಕದ 0.37, ಕುರುಚಲಿಗೆ 0.40. ಒಣ ಕಾಡಿಗೆ ನೆಲದ ಮೇಲಿನ ತೂಕ ಹೆಕ್ಟೇರಿಗೆ 20 ಟನ್ ದಾಟಿದ್ರೆ 0.28, ಅದಕ್ಕಿಂತ ಕಡಿಮೆ ಇದ್ರೆ 0.56. ಬಡವಾಗಿ ಕಾಣೋ ಒಣ ಕಾಡು ಮೇಲಿರೋದರ ಅರ್ಧಕ್ಕಿಂತ ಜಾಸ್ತಿಯಷ್ಟನ್ನ ನೆಲದ ಕೆಳಗೆ ಬಚ್ಚಿಟ್ಕೊಂಡಿರುತ್ತೆ ಅಂತ ಇಲ್ಲೇ ಗೊತ್ತಾಗುತ್ತೆ. ದರಕಿಗೆ, ಅಂದ್ರೆ ಉದುರಿದ ಒಣ ಎಲೆಗೆ, ಒಂದು ಮೀಟರ್ ಚೌಕ ಹಾಕಿ ಬಾಚಿ, ಒಣಗಿಸಿ ತೂಗಿದ್ರೆ ಆಯ್ತು.

ಚಿತ್ರದುರ್ಗದ ಜೋಗಿಮಟ್ಟಿ ಕಡೆಯಂಥ ಕುರುಚಲಿಗೆ ಬಂದ್ರೆ ಎದೆಮಟ್ಟದ ಟೇಪು ಕೆಲಸಕ್ಕೆ ಬರಲ್ಲ, ಬಂದರಿಕೆ, ತಂಗಡಿ, ಕಾರೆ ಎಲ್ಲಾ ಬುಡದಿಂದಲೇ ಹತ್ತು ಕವಲು. ಇಲ್ಲಿ 3 ಮೀಟರ್ ಚೌಕ ಹಾಕಿ, ಪರ್ಮಿಷನ್ ಇದ್ರೆ ಒಳಗಿರೋದನ್ನ ಬುಡಕ್ಕೆ ಕೊಯ್ದು ಅಲ್ಲೇ ತಕ್ಕಡಿಯಲ್ಲಿ ತೂಗಿ, ಕಾಂಡ ಎಲೆ ಎರಡೂ ಸೇರೋ ಹಾಗೆ ಅರ್ಧ ಕೆ.ಜಿ. ಸ್ಯಾಂಪಲ್ ಓವನ್ನಲ್ಲಿ ತೂಕ ಇಳಿಯೋದು ನಿಲ್ಲೋ ತನಕ ಒಣಗಿಸಿ. ಉದಾಹರಣೆಗೆ ಹಸಿ ತೂಕ 14 ಕೆ.ಜಿ., 500 ಗ್ರಾಂ ಸ್ಯಾಂಪಲ್ 290ಕ್ಕೆ ಇಳೀತು ಅಂದ್ರೆ ಒಣ ತೂಕ 8.12 ಕೆ.ಜಿ., ಹೆಕ್ಟೇರಿಗೆ 9 ಟನ್, ಬೇರೂ ಸೇರಿಸಿ ಕಾರ್ಬನ್ 6 ಟನ್ ಹತ್ರ. ಇಷ್ಟೇನಾ ಅಂತ ಅಲ್ಲಿಗೇ ನಿಲ್ಲಿಸಿಬಿಡ್ತಾರೆ, ತಪ್ಪಾಗೋದು ಅಲ್ಲೇ, ಯಾಕಂದ್ರೆ ಮಣ್ಣು ನೋಡಿಲ್ಲ ಇನ್ನೂ.

ಮಣ್ಣಿಗೆ 30 ಸೆಂ.ಮೀ. ಆಳದ ತನಕ ಹತ್ತು ಹತ್ತು ಸೆಂ.ಮೀ.ಗೆ ಒಂದರಂತೆ ಕಬ್ಬಿಣದ ಪೈಪ್ ತುಂಡು ಹೊಡೆದು ತೆಗೀರಿ, ಒಣ ತೂಕ ಭಾಗಿಸು ಪೈಪಿನ ಘನ ಅಳತೆ, ಅದು ಮಣ್ಣಿನ ಸಾಂದ್ರತೆ. ಸಾವಯವ ಇಂಗಾಲ ಶೇಕಡಾ ಎಷ್ಟು ಅಂತ ರೈತರ ಮಣ್ಣು ಪರೀಕ್ಷೆ ಮಾಡೋ ಲ್ಯಾಬಲ್ಲೇ ಹೇಳ್ತಾರೆ. ಸಾಮಾನ್ಯವಾಗಿ ಬಳಸೋ ವಾಕ್ಲಿ-ಬ್ಲ್ಯಾಕ್ ವಿಧಾನ ಮುಕ್ಕಾಲು ಭಾಗದಷ್ಟೇ ಕಾರ್ಬನ್ ಹಿಡಿಯೋದ್ರಿಂದ 1.3ರಿಂದ ಗುಣಿಸ್ಬೇಕು, ಆದ್ರೆ ಲ್ಯಾಬಿನವರು ಮೊದಲೇ ಗುಣಿಸಿದ್ದಾರಾ ಕೇಳ್ಕೊಳ್ಳಿ, ನಮ್ಮದು ಎರಡೆರಡು ಸಲ ಗುಣಿಸಿ ಒಂದು ವರದಿಯನ್ನೇ ವಾಪಸ್ ತಗೊಳ್ಳೋ ಹಾಗಾಯ್ತು. ಶೇಕಡಾ 0.9, ಸಾಂದ್ರತೆ 1.35, ಆಳ 30, ಮೂರೂ ಗುಣಿಸಿದ್ರೆ ಹೆಕ್ಟೇರಿಗೆ 36 ಟನ್. ಅಲ್ಲಿ ಮಣ್ಣಲ್ಲಿ ಕಲ್ಲು ಜಾಸ್ತಿ, ಅದರ ಪಾಲು ನೂರಕ್ಕೆ 30 ಇದ್ರೆ ಅಷ್ಟು ಕಳೀರಿ, 25 ಟನ್ ಉಳೀತು. ಗಿಡದಲ್ಲಿ 6, ಮಣ್ಣಲ್ಲಿ 25. ದೇಶದ ಇಡೀ ಅರಣ್ಯದ ಲೆಕ್ಕದಲ್ಲೂ ಅರ್ಧಕ್ಕಿಂತ ಜಾಸ್ತಿ ಕಾರ್ಬನ್ ಮಣ್ಣಲ್ಲೇ ಇರೋದು.

ಕುರುಚಲನ್ನ ಪಾಳು ಜಾಗ ಅಂದ್ಕೊಂಡು ಗುಂಡಿ ತೋಡಿ ನೆಡುತೋಪು ಮಾಡೋರಿಗೆ ಈ 25 ಕಾಣಲ್ಲ. ನಿಮ್ಮ ಕಡೆ ಅಂಥ ಯೋಜನೆ ಇದ್ರೆ ಮಣ್ಣಿನ ಸ್ಯಾಂಪಲ್ ಮೊದಲೇ ತೆಗೆದು, ಪ್ಲಾಟಿನ ನಾಲ್ಕೂ ಮೂಲೆಯ ಜಿಪಿಎಸ್ ಬರೆದಿಟ್ಕೊಳ್ಳಿ, ಜೆಸಿಬಿ ಬಂದು ಹೋದ್ಮೇಲೆ ತೆಗೆದ್ರೆ ಮೊದಲು ಎಷ್ಟಿತ್ತು ಅಂತ ಯಾರಿಗೂ ತೋರಿಸೋಕಾಗಲ್ಲ.