ರಿಯಾಲಕ್ ಹತ್ತಿರ ಪ್ರೋಗ್ರಾಂ ಕ್ರ್ಯಾಶ್ ಆದರೆ ಎಲ್ಲಿ ಹುಡುಕಬೇಕು?

ಸಿ ಭಾಷೆಯಲ್ಲಿ ಮೊದಲೇ ಪಡೆದ ಮೆಮೊರಿ ಜಾಗದ ಅಳತೆ ಬದಲಿಸುವ ಫಂಕ್ಷನ್ ರಿಯಾಲಕ್. 'ರಿಯಾಲಕ್(): ಇನ್‌ವ್ಯಾಲಿಡ್ ನೆಕ್ಸ್ಟ್ ಸೈಜ್' ಅಂತ ಬಂದು ಪ್ರೋಗ್ರಾಂ ನಿಂತುಬಿಟ್ಟಿತಾ? ಆ ಸಾಲನ್ನೇ ಸುಮ್ನೆ ನೋಡ್ತಾ ಕೂರಬೇಡಿ. ಅದಕ್ಕೂ ಮೊದಲೇ ಎಲ್ಲೋ ನೀವು ಪಡೆದ ಜಾಗ ಮೀರಿ ಬರೆದಿರುತ್ತೀರಿ, ಪಕ್ಕದಲ್ಲಿ ಹೀಪ್ (ಪ್ರೋಗ್ರಾಂ ಓಡುವಾಗ ಕೇಳಿದಷ್ಟು ಜಾಗ ಕೊಡುವ ಮೆಮೊರಿ) ಇಟ್ಟುಕೊಂಡಿದ್ದ ಲೆಕ್ಕ ಕೆಟ್ಟಿರುತ್ತದೆ, ರಿಯಾಲಕ್ ಅದನ್ನು ಓದಲು ಹೋದಾಗ ಸಿಕ್ಕಿಬಿದ್ದಿದೆ ಅಷ್ಟೆ.

ಮೊದಲು ಸೈಜ್ ನೋಡಿ. ರಿಯಾಲಕ್‌ಗೆ ಬೇಕಿರುವುದು ಬೈಟ್ ಲೆಕ್ಕ. 100 ಇಂಟ್ ಬೇಕು ಅಂತ ಬರೀ 100 ಕೊಟ್ಟರೆ, ಇಂಟ್ 4 ಬೈಟ್ ಇರುವಲ್ಲಿ 25ಕ್ಕೆ ಮಾತ್ರ ಜಾಗ ಸಿಗುತ್ತದೆ. ಒಂದಕ್ಕೆ ಎಷ್ಟು ಬೈಟ್ ಅಂತ ಹೇಳುವ ಸೈಜ್‌ಆಫ್‌ನಿಂದ ಗುಣಿಸಿ. ಸ್ಟ್ರಿಂಗ್ ಆದರೆ ಕೊನೆಯ ಸೊನ್ನೆಗೂ ಒಂದು ಬೈಟ್ ಸೇರಿಸಿ.

ಜಾಸ್ತಿ ಕಾಡುವುದು ಮಾತ್ರ ಹಳೇ ಪಾಯಿಂಟರ್ (ಪಾಯಿಂಟರ್ ಅಂದರೆ ಮೆಮೊರಿ ಅಡ್ರೆಸ್ ಹಿಡಿದಿಡುವ ವೇರಿಯೇಬಲ್). ಒಂದು ಮಾರ್ಕ್ಸ್ ಪಟ್ಟಿ ಇದೆ ಅಂದುಕೊಳ್ಳಿ, 'ಟಾಪರ್' ಅನ್ನುವ ಪಾಯಿಂಟರ್ ಅದರ ಮೂರನೇ ಹುಡುಗಿಯನ್ನು ತೋರಿಸುತ್ತಿದೆ. ಪಟ್ಟಿಯನ್ನು 8ರಿಂದ 16ಕ್ಕೆ ಬೆಳೆಸಿದಿರಿ. ಪಕ್ಕದಲ್ಲಿ ಜಾಗ ಇಲ್ಲದಿದ್ದರೆ ರಿಯಾಲಕ್ ಇಡೀ ಪಟ್ಟಿಯನ್ನು ಬೇರೆ ಕಡೆಗೆ ಸಾಗಿಸಿ ಹಳೇ ಜಾಗ ಬಿಟ್ಟುಕೊಡುತ್ತದೆ, ಟಾಪರ್ ಮಾತ್ರ ಹಳೇ ಮನೆ ಅಡ್ರೆಸ್ ಹಿಡಿದುಕೊಂಡೇ ಇರುತ್ತದೆ. ಪಕ್ಕದಲ್ಲಿ ಜಾಗ ಇದ್ದರೆ ಎಲ್ಲ ಸರಿಯಾಗೇ ಓಡುತ್ತದೆ! 10 ಹೆಸರು ಹಾಕಿದಾಗ ಕಾಣದ ಬಗ್ 5000 ಹಾಕಿದಾಗ ಕಾಣುವುದು ಇದಕ್ಕೇ. ಪಾಯಿಂಟರ್ ಬದಲು ಇಂಡೆಕ್ಸ್ 2 ಅಂತ ಇಟ್ಟುಕೊಳ್ಳಿ, ತೊಂದರೆಯೇ ಇಲ್ಲ. ಫಂಕ್ಷನ್ ಒಳಗೆ ಪಟ್ಟಿ ಬೆಳೆಸಿದರೂ ಇದೇ ಕಥೆ: ಹೊಸ ಅಡ್ರೆಸ್ ಹೊರಗೆ ತಲುಪಬೇಕು, ರಿಟರ್ನ್ ಮಾಡಿ, ಇಲ್ಲವೇ ಪಾಯಿಂಟರ್‌ಗೆ ಪಾಯಿಂಟರ್ ಕಳಿಸಿ.

ರಿಯಾಲಕ್ ಕೊಟ್ಟದ್ದನ್ನು ನೇರವಾಗಿ ಅದೇ ಪಾಯಿಂಟರ್‌ಗೆ ಹಾಕಬೇಡಿ. ಜಾಗ ಸಿಗದಿದ್ದರೆ ಬರುವುದು ನಲ್, ಅಂದರೆ ಯಾವ ಜಾಗವನ್ನೂ ತೋರಿಸದ ಖಾಲಿ ಪಾಯಿಂಟರ್. ಹಳೇ ಬ್ಲಾಕ್ ಹಾಗೇ ಇರುತ್ತದೆ, ಆದರೆ ಅದರ ಅಡ್ರೆಸ್ಸನ್ನು ನೀವೇ ಅಳಿಸಿಬಿಟ್ಟಿರುತ್ತೀರಿ. ಇನ್ನೊಂದು ಪಾಯಿಂಟರ್‌ನಲ್ಲಿ ಹಿಡಿದು, ನಲ್ ಅಲ್ಲ ಅಂತ ನೋಡಿ, ಆಮೇಲೆ ಬದಲಿಸಿ. ಸೈಜ್ 0 ಕೊಡಲೇಬೇಡಿ, ಬೇಡವಾದರೆ ಜಾಗ ಬಿಟ್ಟುಕೊಡುವ ಫ್ರೀ ಫಂಕ್ಷನ್ ಇದೆ ಅಲ್ವಾ?

ಇಷ್ಟಾದರೂ ಸಿಗಲಿಲ್ಲವಾ? ಪಟ್ಟಿಯ ಶುರುವಿನ ಅಳತೆಯನ್ನು 1ಕ್ಕೆ ಇಳಿಸಿ, ಆಗ ಪದೇ ಪದೇ ಬೆಳೆಯುತ್ತದೆ. ಜಿಸಿಸಿ ಅಥವಾ ಕ್ಲ್ಯಾಂಗ್‌ನಲ್ಲಿ '-ಜಿ' ಜೊತೆ '-ಎಫ್‌ಸ್ಯಾನಿಟೈಜ್=ಅಡ್ರೆಸ್' ಹಾಕಿ ಕಂಪೈಲ್ ಮಾಡಿ. ಇದು ಮೆಮೊರಿ ತಪ್ಪು ಹಿಡಿಯುವ ಟೂಲ್, ಇದರ ರಿಯಾಲಕ್ ಬ್ಲಾಕನ್ನು ಪ್ರತಿ ಸಲವೂ ಹೊಸ ಜಾಗಕ್ಕೇ ಒಯ್ಯುವುದರಿಂದ ಹಳೇ ಪಾಯಿಂಟರ್ ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ. 'ಹೀಪ್-ಬಫರ್-ಓವರ್‌ಫ್ಲೋ' ಅಂದರೆ ಜಾಗ ಮೀರಿದ್ದೀರಿ. 'ಹೀಪ್-ಯೂಸ್-ಆಫ್ಟರ್-ಫ್ರೀ' ಅಂದರೆ ಬಿಟ್ಟುಕೊಟ್ಟ ಜಾಗ ಮುಟ್ಟಿದ್ದೀರಿ. ಅದರ ಕೆಳಗೆ ಮೂರು ಪಟ್ಟಿ ಇರುತ್ತವೆ: ಎಲ್ಲಿ ಮುಟ್ಟಿದಿರಿ, ಎಲ್ಲಿ ಬಿಟ್ಟಿರಿ, ಎಲ್ಲಿ ಪಡೆದಿರಿ. ಎರಡನೆಯದರಲ್ಲಿ ರಿಯಾಲಕ್ ಕಂಡರೆ ನಿಮ್ಮ ಟಾಪರ್ ಸಿಕ್ಕಂತೆಯೇ, ಮೊದಲನೆಯದರ ಸಾಲು ನಂಬರ್ ಹಿಡಿದು ನೇರ ಅಲ್ಲಿಗೇ ಹೋಗಿ.