ಜ್ವರದಲ್ಲಿ ತೀರಿಕೊಂಡ ಸೈನಿಕನ ಹೆಸರು ಹುಡುಕುವುದು ಹೇಗೆ

ನಮ್ಮ ಅಜ್ಜಿಯ ತಮ್ಮ 1944ರ ಮಳೆಗಾಲದಲ್ಲಿ ಬರ್ಮಾ ಗಡಿಯಲ್ಲಿ ತೀರಿಕೊಂಡ. ಸೇನೆಗೆ ರಸ್ತೆ, ಸೇತುವೆ ಕಟ್ಟುವ ಮದ್ರಾಸ್ ಸ್ಯಾಪರ್ಸ್ ದಳದಲ್ಲಿದ್ದ, ವಯಸ್ಸು 21. ಗುಂಡು ತಗುಲಲಿಲ್ಲ, ಮಲೇರಿಯಾ ಬಂತು. ಅದಕ್ಕೇ ಮನೆಯಲ್ಲಿ ಯಾರೂ "ಯುದ್ಧದಲ್ಲಿ ಸತ್ತ" ಅನ್ನುತ್ತಿರಲಿಲ್ಲ. "ಮಿಲಿಟರಿಗೆ ಹೋಗಿದ್ದ, ಜ್ವರ ಬಂದು ಹೋದ" ಅಷ್ಟೇ. ಅವನ ಹೆಸರು ಎಲ್ಲೂ ಇರಲಿಕ್ಕಿಲ್ಲ ಅಂತ ನಾವೂ ನಂಬಿಕೊಂಡಿದ್ದೆವು. ಆದರೆ ಇತ್ತು. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಹುಡುಗನಿದ್ದರೆ, ಹುಡುಕುವ ದಾರಿ ಹೇಳುತ್ತೇನೆ.

ಮೊದಲು ಮನೆಯ ಟ್ರಂಕು ತೆಗೆಯಿರಿ. ನಿಮಗೆ ಬೇಕಾದದ್ದು ಹೆಸರಿಗಿಂತ ಹೆಚ್ಚಾಗಿ ಅವನ ಸರ್ವಿಸ್ ನಂಬರ್. ಹಳೆಯ ಪತ್ರ, ಮನಿಯಾರ್ಡರ್ ಚೀಟಿ, ಪಿಂಚಣಿ ಕಾಗದ, ಯಾವುದರಲ್ಲಾದರೂ ಇರಬಹುದು. ಪದಕ ಸಿಕ್ಕರೆ ತಿರುಗಿಸಿ ನೋಡಿ. ಭಾರತೀಯ ಸೇನೆಯವರಿಗೆ ಕೊಟ್ಟ ಪದಕಗಳಲ್ಲಿ ಎಷ್ಟೋ ಸಲ ಹಿಂಬದಿಯಲ್ಲೋ ಅಂಚಿನಲ್ಲೋ ನಂಬರ್, ಹೆಸರು, ದಳ ಕೊರೆದಿರುತ್ತದೆ. ಬರ್ಮಾ ರಂಗದಲ್ಲಿ ಸೇವೆ ಮಾಡಿದವರಿಗೆ ಕೊಟ್ಟ ಬರ್ಮಾ ಸ್ಟಾರ್ ಪದಕ ಆರು ಮೂಲೆಯ ನಕ್ಷತ್ರ. ರಿಬ್ಬನ್ನಿನ ನಡುವೆ ಅಗಲವಾದ ಕೆಂಪು ಪಟ್ಟಿ, ಎರಡೂ ಕಡೆ ಕಡುನೀಲಿ, ಕಿತ್ತಳೆ.

ದಯವಿಟ್ಟು ಪದಕವನ್ನು ತೊಳೆಯಬೇಡಿ. ನಮ್ಮಮ್ಮ ಅಕ್ಕರೆಯಿಂದಲೇ, ದೀಪಾವಳಿಗೊಮ್ಮೆ ಹಿತ್ತಾಳೆ ಪಾತ್ರೆಗಳ ಜೊತೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಕೊನೆಯ ಎರಡು ಅಂಕಿ ಮಾಸಿಹೋಗಿದ್ದವು. ಕಿಟಕಿ ಹತ್ತಿರ ಹಿಡಿದು, ಬೆಳಕು ಓರೆಯಾಗಿ ಬೀಳುವ ಹಾಗೆ ನಿಧಾನಕ್ಕೆ ತಿರುಗಿಸಿದಾಗ ಒಂದು ಅಂಕಿ ಕಂಡಿತು. ಇನ್ನೊಂದು ಇವತ್ತಿಗೂ ಕಂಡಿಲ್ಲ.

ಆಮೇಲೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟಿಗೆ ಹೋಗಿ. ಎರಡು ಮಹಾಯುದ್ಧಗಳಲ್ಲಿ ಸತ್ತ ಸೈನಿಕರ ಸಮಾಧಿ, ಹೆಸರುಗಳನ್ನು ಕಾಯುವ ಸಂಸ್ಥೆ ಅದು. ಹುಡುಕುವುದಕ್ಕೆ ದುಡ್ಡು ಕೊಡಬೇಕಿಲ್ಲ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎರಡನೇ ಮಹಾಯುದ್ಧಕ್ಕೆ ಈ ಸಂಸ್ಥೆ ಲೆಕ್ಕಕ್ಕೆ ತೆಗೆದುಕೊಳ್ಳುವ ಅವಧಿ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ. ಮೊದಲನೆಯದಕ್ಕೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31. ಈ ಅವಧಿಯಲ್ಲಿ ಸೇವೆಯಲ್ಲಿದ್ದಾಗ ಸತ್ತವರೆಲ್ಲ ಸೇರುತ್ತಾರೆ. ಗುಂಡೋ, ಜ್ವರವೋ, ಭೇದಿಯೋ, ಭೇದಭಾವ ಇಲ್ಲ.

ಹೆಸರಿನ ಕಾಗುಣಿತವೇ ದೊಡ್ಡ ತೊಡಕು. ನಮ್ಮ ಹುಡುಗರಿಗೆ ಆಗ ಒಂದೇ ಹೆಸರು ಇರುತ್ತಿತ್ತು, ಅದು ಸರ್‌ನೇಮ್ ಜಾಗದಲ್ಲಿ ಕೂತಿರುತ್ತದೆ. ಭರ್ತಿಯ ದಿನ ಬರೆಯುವವರು ಕಿವಿಗೆ ಬಿದ್ದ ಹಾಗೆ ಬರೆದಿರಬಹುದು. ರಂಗಯ್ಯ ರುಂಗಿಯಾ ಆಗಿರಬಹುದು, ಗೌಡ ಗೋಡ ಆಗಿರಬಹುದು. ಹಾಗಾಗಿ ಹೆಸರನ್ನು ನಾಲ್ಕೈದು ರೀತಿ ಬರೆದು ನೋಡಿ. ಹುಡುಕಾಟವನ್ನು ಭಾರತೀಯ ಸೇನೆಯವರಿಗೆ ಸೀಮಿತ ಮಾಡಿ, ವರ್ಷ ಹಾಕಿ. ಎಷ್ಟೋ ಪುಟಗಳಲ್ಲಿ ತಂದೆಯ ಹೆಸರು, ಊರು, ಜಿಲ್ಲೆ ಇರುತ್ತದೆ. ನಾವು ಗುರುತು ಹಿಡಿದದ್ದು ಊರಿನಿಂದಲೇ.

ಸಮಾಧಿ ಇಲ್ಲ ಅಂತ ಕಂಡರೆ ಬೇಜಾರಾಗಬೇಡಿ. ಹಿಂದೂ, ಸಿಖ್ ಸೈನಿಕರನ್ನು ಸುಡುತ್ತಿದ್ದರಲ್ವಾ, ಅವರ ಹೆಸರುಗಳು ಸ್ಮಾರಕದ ಮೇಲೆ ಇರುತ್ತವೆ. ಇಂಫಾಲದ ಇಂಡಿಯನ್ ಆರ್ಮಿ ವಾರ್ ಸಿಮೆಟ್ರಿಯೊಳಗೆ ಅಂಥದ್ದೊಂದು ಸ್ಮಾರಕವಿದೆ. ನಮ್ಮವನ ಹೆಸರು ಇರುವುದು ಅಲ್ಲೇ. ಬರ್ಮಾದೊಳಗೆ ಹೋಗಿ ಗುರುತು ಸಿಗದೆ ಹೋದವರಾದರೆ ರಂಗೂನ್ ಹತ್ತಿರದ ಟೌಕ್ಯಾನ್‌ನಲ್ಲಿರುವ ರಂಗೂನ್ ಸ್ಮಾರಕ ನೋಡಿ. ಅಲ್ಲಿ ಸುಮಾರು 27,000 ಹೆಸರುಗಳಿವೆ.

ಸಾವಿನ ಕಾರಣ ಆ ಪುಟದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ತಾರೀಖನ್ನು ಪತ್ರಗಳ ಪಕ್ಕ ಇಟ್ಟು ಓದಿ. 1944ರ ಜೂನ್ 22ಕ್ಕೆ ಜಪಾನೀಯರು ಇಂಫಾಲಕ್ಕೆ ಹಾಕಿದ್ದ ಮುತ್ತಿಗೆ ಮುರಿಯಿತು. ಆಮೇಲೆ ನಮ್ಮ ಕಡೆಯ ಸೈನ್ಯ ಸುರಿಯುವ ಮಳೆಯಲ್ಲೇ ಬರ್ಮಾದ ಟಿಡ್ಡಿಂ, ತಮು ಊರುಗಳ ಕಡೆ ನುಗ್ಗಿತು. ಮುಂದೆ ಹೋಗಿ ರಸ್ತೆ, ಸೇತುವೆ ಮಾಡುವುದು ಸ್ಯಾಪರ್‌ಗಳ ಕೆಲಸ. ಮಲೇರಿಯಾ, ಭೇದಿ, ಹುಲ್ಲಿನ ನುಸಿಯಿಂದ ಬರುವ ಸ್ಕ್ರಬ್ ಟೈಫಸ್, ಎಲ್ಲ ಅಲ್ಲೇ ಇದ್ದವು. ಟೈಫಸ್‌ಗೆ ಆಗ ಮದ್ದೇ ಇರಲಿಲ್ಲ. ಈ ರಂಗದಲ್ಲಿ 1943ರಲ್ಲಿ ಗಾಯಗೊಂಡ ಒಬ್ಬನನ್ನು ಸಾಗಿಸಿದರೆ, ಕಾಯಿಲೆಯವರನ್ನು 120 ಜನರನ್ನು ಸಾಗಿಸಬೇಕಾಗುತ್ತಿತ್ತು ಅಂತ ಬರ್ಮಾದಲ್ಲಿ ಕಾದಾಡಿದ 14ನೇ ಸೈನ್ಯದ ಮುಖ್ಯಸ್ಥ ಜನರಲ್ ಸ್ಲಿಮ್ ಬರೆದಿದ್ದಾರೆ. ಈ ಲೆಕ್ಕ ಓದಿದ ಮೇಲೆ "ಬರೀ ಜ್ವರ" ಅನ್ನೋ ಮಾತು ನನ್ನ ಬಾಯಲ್ಲಿ ಬಂದಿಲ್ಲ.

ನಮ್ಮಲ್ಲಿ ಉಳಿದ ಒಂದೇ ಪತ್ರದಲ್ಲಿ, ದಿನಾ ಹಳದಿ ಮಾತ್ರೆ ನುಂಗಿಸುತ್ತಾರೆ, ಮೈಯೆಲ್ಲ ಹಳದಿಯಾಗಿದೆ, ಅಕ್ಕ ಕಾಮಾಲೆ ಅಂತ ಗಾಬರಿಯಾಗಬಾರದು ಅಂತ ಬರೆಸಿದ್ದ. ಅದು ಮೆಪಾಕ್ರಿನ್, ಮಲೇರಿಯಾ ತಡೆಯುವ ಮಾತ್ರೆ. ಮೈ ಹಳದಿ ಮಾಡುವುದು ಅದರ ಗುಣ. ಇಂಥ ಸಾಲು ಸಿಕ್ಕರೆ ಪಕ್ಕಕ್ಕೆ ಬರೆದಿಟ್ಟುಕೊಳ್ಳಿ, ಕಾಯಿಲೆಯ ಸುಳಿವು ಅದರಲ್ಲೇ ಇರುತ್ತದೆ.

ಇನ್ನೂ ಬೇಕೆಂದರೆ ಅವನ ದಳದ ರೆಕಾರ್ಡ್ಸ್ ಆಫೀಸಿಗೆ ಪತ್ರ ಹಾಕಿ. ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರಿನಲ್ಲೇ ಇದೆ. ನಂಬರ್, ಹೆಸರು, ಸತ್ತ ತಾರೀಖು, ನಿಮಗೂ ಅವನಿಗೂ ಏನು ಸಂಬಂಧ, ಇಷ್ಟು ಒಂದೇ ಹಾಳೆಯಲ್ಲಿ ಬರೆದರೆ ಸಾಕು. ಅವನ ಕಂಪನಿಯ ನಂಬರ್ ಗೊತ್ತಾದರೆ ಯುದ್ಧದ ದಿನಚರಿಯನ್ನೂ, ಅಂದರೆ ದಳದವರು ದಿನದಿನದ ಕೆಲಸ ಬರೆದಿಡುತ್ತಿದ್ದ ದಾಖಲೆಯನ್ನೂ, ಹುಡುಕಬಹುದು. ಬರ್ಮಾ ರಂಗದವು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಓ 172 (WO 172) ಅನ್ನುವ ದಾಖಲೆಗಳ ಸಾಲಿನಲ್ಲಿವೆ.

ಎಲ್ಲ ಸಿಕ್ಕ ಮೇಲೆ ಬರೆದಿಡಿ. ಕಾಯಿಲೆಯ ಹೆಸರು ಬಿಡಬೇಡಿ. ಕಮಿಷನ್‌ನ ವೆಬ್‌ಸೈಟಿನಲ್ಲಿ 'ಫಾರ್ ಎವರ್‌ಮೋರ್' ಅನ್ನುವ ವಿಭಾಗವಿದೆ, ಮನೆಯವರೇ ಕಥೆ, ಚಿತ್ರ ಸೇರಿಸಬಹುದು. ಅವನದೊಂದು ಫೋಟೋನೂ ನಮ್ಮಲ್ಲಿರಲಿಲ್ಲ. ಹಾಗಾಗಿ ಆ ಪತ್ರವನ್ನೇ ಚಾಪೆ ಮೇಲೆ ಹರಡಿ ಫೋಟೋ ತೆಗೆದೆವು. ಮತ್ತೆ ಮಡಚಿಕೊಳ್ಳದ ಹಾಗೆ ನಾಲ್ಕು ಮೂಲೆಗೂ ಅಮ್ಮ ಬೆರಳಿಟ್ಟು ಹಿಡಿದುಕೊಂಡಿದ್ದಳು. ಚಿತ್ರದಲ್ಲಿ ಅವಳ ಬೆರಳುಗಳೂ ಬಂದಿವೆ. ಹಾಗೇ ಬಿಟ್ಟಿದ್ದೇವೆ.