ಕಂಪ್ಯೂಟರ್ ಚಾಲಿತ ದೂರದರ್ಶಕ: ಮೊದಲು ಬ್ಯಾಟರಿ, ಆಮೇಲೆ ಐಪೀಸ್

ಮೈಸೂರಿನ ತಾರಸಿಯ ಮೇಲೆ ಹೊಸದಾಗಿ ಕಂಪ್ಯೂಟರ್ ಚಾಲಿತ ದೂರದರ್ಶಕವನ್ನು ನಿಲ್ಲಿಸಿದವರ ದೂರು ಸಾಮಾನ್ಯವಾಗಿ ಎರಡು ಬಗೆಯದು. ಕೈಯಲ್ಲಿ ಹಿಡಿಯುವ ನಿಯಂತ್ರಕದಲ್ಲಿ, ಅಂದರೆ ಹ್ಯಾಂಡ್ ಕಂಟ್ರೋಲಿನಲ್ಲಿ, ಶನಿಯನ್ನು ಆರಿಸಿದರೆ ಕೊಳವೆ ಬೇರೆಲ್ಲೋ ಹೋಗಿ ನಿಲ್ಲುತ್ತದೆ. ಇಲ್ಲವೇ ಅರ್ಧ ತಿರುಗುವಷ್ಟರಲ್ಲಿ ಹ್ಯಾಂಡ್ ಕಂಟ್ರೋಲಿನ ಪರದೆ ಆರಿ, ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಯಂತ್ರ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಅದಕ್ಕೆ ಸಿಗುತ್ತಿರುವ ವಿದ್ಯುತ್ತನ್ನು ಪರೀಕ್ಷಿಸಬೇಕು. ದೂರದರ್ಶಕ ಕೊಂಡ ಮೇಲೆ ಕೈಯಲ್ಲಿ ಉಳಿದ ಹಣದ ಮೊದಲ ಪಾಲು ಬ್ಯಾಟರಿಗೆ ಸಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸೆಲೆಸ್ಟ್ರಾನ್ ಕಂಪನಿಯ ನೆಕ್ಸ್‌ಸ್ಟಾರ್ ಎಸ್‌ಎಲ್‌ಟಿ ಮತ್ತು ಎಸ್‌ಇ ಸಾಲಿನ ಮೌಂಟುಗಳು (ಕೊಳವೆಯನ್ನು ಹೊತ್ತು ತಿರುಗಿಸುವ ಭಾಗಗಳು) 8 ಎಎ ಸೆಲ್‌ಗಳಿಂದಲೂ ನಡೆಯುತ್ತವೆ, ಹೊರಗಿನಿಂದ ಕೊಡುವ 12 ವೋಲ್ಟ್ ಡಿಸಿಯಿಂದಲೂ ನಡೆಯುತ್ತವೆ. ಆಲ್ಕಲೈನ್ ಸೆಲ್ ಒಂದಕ್ಕೆ 1.5 ವೋಲ್ಟ್ ಇರುವುದರಿಂದ ಎಂಟು ಸೇರಿದರೆ ಲೆಕ್ಕ 12ಕ್ಕೆ ಬರುತ್ತದೆ. ಆದರೆ ಎರಡು ಮೋಟಾರುಗಳು ಒಟ್ಟಿಗೆ ವೇಗವಾಗಿ ತಿರುಗಿದಾಗ ಅಷ್ಟು ಕರೆಂಟ್ ಒದಗಿಸಲಾರದೆ ಸೆಲ್‌ಗಳ ವೋಲ್ಟೇಜ್ ಕುಸಿಯುತ್ತದೆ, ಒಳಗಿನ ಕಂಪ್ಯೂಟರ್ ರೀಸೆಟ್ ಆಗುತ್ತದೆ, ಅಲ್ಲಿಯವರೆಗೆ ಯಂತ್ರವನ್ನು ಆಕಾಶಕ್ಕೆ ಹೊಂದಿಸಲು ಶ್ರಮಪಟ್ಟು ಮಾಡಿದ ಅಲೈನ್‌ಮೆಂಟ್ ಅಳಿಸಿಹೋಗುತ್ತದೆ. ರೀಚಾರ್ಜ್ ಆಗುವ ನಿಕಲ್ ಸೆಲ್‌ಗಳಿಂದ ಹಣ ಉಳಿಯುತ್ತದೆ ಎಂದುಕೊಳ್ಳುವವರೂ ಇದ್ದಾರೆ. ಅವು 1.2 ವೋಲ್ಟಿನವು, ಎಂಟೂ ಸೇರಿದರೆ ಸಿಗುವುದು 9.6 ಮಾತ್ರ.

ಸುಲಭವಾಗಿ ಸಿಗುವ ಒಳ್ಳೆಯ ಪರಿಹಾರವೆಂದರೆ ಕಂಪ್ಯೂಟರ್ ಯುಪಿಎಸ್‌ಗಳಲ್ಲಿ ಬಳಸುವ 12 ವೋಲ್ಟ್, 7 ಆಂಪಿಯರ್-ಅವರ್‌ನ ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ. ಸುಮಾರು ಎರಡು ಕಿಲೋ ತೂಗುವ ಇದನ್ನು ಪೂರ್ತಿ ಬರಿದು ಮಾಡಬಾರದು. ಅರ್ಧ ಮಾತ್ರ, ಅಂದರೆ 3.5 ಆಂಪಿಯರ್-ಅವರ್ ಬಳಸುವುದಾದರೂ, ಮೌಂಟು ಸರಾಸರಿ ಅರ್ಧ ಆಂಪಿಯರ್ ಎಳೆಯುತ್ತದೆಂದು ಹಿಡಿದರೆ ಏಳು ಗಂಟೆ ನಡೆಯುತ್ತದೆ. ಲೋಡ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಅಳೆದಾಗ 12.7 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.1ರ ಆಸುಪಾಸಿಗೆ ಇಳಿದಿದ್ದರೆ ಅರ್ಧ ಮುಗಿದಿದೆ, ಮನೆಗೆ ಬಂದ ಕೂಡಲೇ ಚಾರ್ಜಿಗೆ ಹಾಕಬೇಕು. ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ 2 ಅಥವಾ 3 ಆಂಪಿಯರ್ ಫ್ಯೂಸ್ ಇರಲೇಬೇಕು, ಏಕೆಂದರೆ ಶಾರ್ಟ್ ಆದಾಗ ಇಷ್ಟು ಚಿಕ್ಕ ಬ್ಯಾಟರಿಯೂ ವೈರನ್ನು ಸುಡುವಷ್ಟು ಕರೆಂಟ್ ಹರಿಸುತ್ತದೆ. ಹೆಚ್ಚು ಖರ್ಚು ಮಾಡಬಲ್ಲವರಿಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರವೂ ಹೌದು, ಬಾಳಿಕೆಯೂ ಹೆಚ್ಚು. ಅದಕ್ಕೆ ಅದರದೇ ಚಾರ್ಜರ್ ಬೇಕು.

ಈ ಮೌಂಟುಗಳಿಗೆ ಚುಚ್ಚುವ ವೈರಿನ ತುದಿಯ ಪಿನ್ನಿನ ಹೊರ ವ್ಯಾಸ 5.5 ಮಿ.ಮೀ., ಒಳ ವ್ಯಾಸ 2.1 ಮಿ.ಮೀ.; ನಡುವಿನ ಭಾಗ ಧನವಾಗಿರಬೇಕು. ಮೌಂಟಿಗೆ ಚುಚ್ಚುವ ಮೊದಲು ಮಲ್ಟಿಮೀಟರಿನ ಕೆಂಪು ಕಡ್ಡಿಯ ಮೊನೆಯನ್ನು ಪಿನ್ನಿನ ತೂತಿನೊಳಗೆ ಇಟ್ಟು, ಕಪ್ಪು ಕಡ್ಡಿಯನ್ನು ಹೊರಗಿನ ಲೋಹಕ್ಕೆ ಮುಟ್ಟಿಸಿ ನೋಡಿ. 12ರ ಮುಂದೆ ಋಣ ಚಿಹ್ನೆ ಕಾಣಿಸಿದರೆ ವೈರುಗಳು ಅದಲುಬದಲಾಗಿವೆ ಎಂದರ್ಥ. ಈ ಒಂದು ನಿಮಿಷದ ಪರೀಕ್ಷೆ ಮದರ್‌ಬೋರ್ಡನ್ನು ಉಳಿಸುತ್ತದೆ.

ವೈಫೈ ರೌಟರಿಗಾಗಿ ಮನೆಯಲ್ಲಿಟ್ಟ ಪುಟ್ಟ 12 ವೋಲ್ಟ್ ಯುಪಿಎಸ್ ಸಣ್ಣ ಮೌಂಟನ್ನು ಸ್ವಲ್ಪ ಹೊತ್ತು ನಡೆಸಬಹುದು. ಅದರ ಮೇಲೆ 2 ಆಂಪಿಯರ್ ಎಂದು ನಮೂದಿಸಿದೆಯೇ ನೋಡಿಕೊಳ್ಳಿ. ಮೊಬೈಲಿನ ಪವರ್ ಬ್ಯಾಂಕನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಯುಎಸ್‌ಬಿಯ ಸಾಮಾನ್ಯ ವೋಲ್ಟೇಜ್ 5. ಪಿಡಿ (ಪವರ್ ಡೆಲಿವರಿ, ಅಂದರೆ ಹೆಚ್ಚಿನ ವೋಲ್ಟೇಜನ್ನೂ ಕೊಡಬಲ್ಲ ಬಗೆ) ಎಂದು ಬರೆದಿರುವ ಎಲ್ಲ ಪವರ್ ಬ್ಯಾಂಕುಗಳೂ 12 ವೋಲ್ಟ್ ಕೊಡುವುದಿಲ್ಲ, ಪರಿವರ್ತಕ ಕೇಬಲ್ ಹಾಕಿದರೂ ಕೆಲವು 9ರಲ್ಲೇ ನಿಲ್ಲುತ್ತವೆ. ತಾರಸಿಯಲ್ಲಿ 12 ವೋಲ್ಟಿನ ಅಡಾಪ್ಟರ್ ಬಳಸುವುದಾದರೆ ಇಬ್ಬನಿ ಬೀಳುವ ರಾತ್ರಿ ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲದ ಮೇಲಿಡದೆ, ಬಾಗಿಲಿನ ಒಳಗೆ ಇರಿಸಿ, ಡಿಸಿ ವೈರನ್ನು ಮಾತ್ರ ಹೊರಗೆ ತನ್ನಿ.

ವೈರಿನ ವಿಷಯದಲ್ಲಿ ನಮ್ಮ ಊರಿಗೆ ವಿಶೇಷವಾದ ಒಂದು ಮಾತಿದೆ. ಮೈಸೂರು, ಮಂಡ್ಯಗಳು 12 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಗ್ರಹಗಳು ನಡು ಆಕಾಶವನ್ನು ದಾಟುವಾಗ ಬಹಳ ಎತ್ತರದಲ್ಲಿರುತ್ತವೆ. ರೋಹಿಣಿ ನಕ್ಷತ್ರವಂತೂ ಬಹುತೇಕ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಗಾಳಿಯ ಪದರ ತೆಳುವಾಗುವ ಕಾರಣ ನೋಟಕ್ಕೆ ಇದು ದೊಡ್ಡ ಲಾಭ. ಆದರೆ ಮೇಲೆ-ಕೆಳಗೆ, ಎಡ-ಬಲ ತಿರುಗುವ ಮೌಂಟು ನೆತ್ತಿಯ ಬಳಿಯ ವಸ್ತುವನ್ನು ಹಿಂಬಾಲಿಸಲು ಅಡ್ಡಲಾಗಿ ಬಲು ವೇಗವಾಗಿ ತಿರುಗಬೇಕಾಗುತ್ತದೆ. ಆಗ ವೈರು ಟ್ರೈಪಾಡಿಗೆ ಸುತ್ತಿಕೊಂಡು ಪಿನ್ ಸಡಿಲವಾಗುತ್ತದೆ, ಕೊಳವೆಯ ತುದಿ ಟ್ರೈಪಾಡಿನ ಕಾಲಿಗೆ ತಾಗುವುದೂ ಉಂಟು. ಮೆನುವಿನಲ್ಲಿ ಕಾರ್ಡ್‌ರ‍್ಯಾಪ್ ಎಂಬ, ವೈರು ಸುತ್ತಿಕೊಳ್ಳದಂತೆ ತಡೆಯುವ ಆಯ್ಕೆಯಿದ್ದರೆ ಅದನ್ನು ಆನ್ ಮಾಡಿ. ವೈರನ್ನು ಪಿನ್ನಿನಿಂದ ಒಂದು ಗೇಣು ದೂರದಲ್ಲಿ ವೆಲ್ಕ್ರೋ ಪಟ್ಟಿಯಿಂದ ಮೌಂಟಿನ ತೋಳಿಗೆ ಕಟ್ಟಿ. ನೆತ್ತಿಯ ಮೇಲಿನ ವಸ್ತುವನ್ನು ಒಂದು ಗಂಟೆ ಮೊದಲೋ ಆಮೇಲೋ ನೋಡಿ.

ವಿದ್ಯುತ್ ಸರಿಯಿದ್ದೂ ಗುರಿ ತಪ್ಪಿದರೆ ದಿನಾಂಕ, ಸಮಯಗಳನ್ನು ನೋಡಿ. ನೆಕ್ಸ್‌ಸ್ಟಾರ್ ಮೊದಲು ತಿಂಗಳನ್ನು ಕೇಳುತ್ತದೆ, ಆಮೇಲೆ ದಿನವನ್ನು. ನಿಮ್ಮ ಹ್ಯಾಂಡ್ ಕಂಟ್ರೋಲಿನಲ್ಲಿ ಐದೂವರೆ ಗಂಟೆಯ ವಲಯ ಸಿಗದಿದ್ದರೆ ಯೂನಿವರ್ಸಲ್ ಟೈಮ್ ಆರಿಸಿ, ನಮ್ಮ ಸಮಯದಿಂದ 5 ಗಂಟೆ 30 ನಿಮಿಷ ಕಳೆದು ಕೊಡಿ. ರಾತ್ರಿ 8 ಗಂಟೆಗೆ 14:30 ಎಂದು ಒತ್ತಬೇಕು.

ಇನ್ನು ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಮಸೂರದ ತುಣುಕು. ನೆಕ್ಸ್‌ಸ್ಟಾರ್ 130 ಎಸ್‌ಎಲ್‌ಟಿಯ ಸಂಗಮ ದೂರ 650 ಮಿ.ಮೀ.; ಇದನ್ನು ಐಪೀಸಿನ ಸಂಗಮ ದೂರದಿಂದ ಭಾಗಿಸಿದರೆ, ಜೊತೆಗೆ ಬರುವ 25 ಮತ್ತು 9 ಮಿ.ಮೀ. ಐಪೀಸುಗಳಿಂದ 26 ಮತ್ತು 72 ಪಟ್ಟು ವರ್ಧನೆ ಸಿಗುತ್ತದೆ. ಹತ್ತಾರು ತುಣುಕುಗಳಿರುವ ಐಪೀಸ್ ಪೆಟ್ಟಿಗೆಯನ್ನು ಕೊಳ್ಳುವುದಕ್ಕಿಂತ ಐಪೀಸಿನ ವರ್ಧನೆಯನ್ನು ಇಮ್ಮಡಿಸುವ ಒಂದು ಒಳ್ಳೆಯ 2 ಪಟ್ಟಿನ ಬಾರ್ಲೋ ಮಸೂರವನ್ನು ಕೊಳ್ಳುವುದು ಜಾಣತನ. ಅದೊಂದರಿಂದಲೇ 52 ಮತ್ತು 144 ಪಟ್ಟು ಸೇರಿಕೊಳ್ಳುತ್ತವೆ, ಶನಿಯ ಬಳೆಗೆ 144 ಧಾರಾಳ. ಮುಂದಿನದು 32 ಮಿ.ಮೀ.ನ, ಪ್ಲಾಸಲ್ ಎಂಬ ಬಗೆಯ ಐಪೀಸ್: 20 ಪಟ್ಟಿನ ಅದರ ವಿಶಾಲ ನೋಟದಲ್ಲಿ ಕೃತ್ತಿಕೆಯ ಗುಂಪು ಇಡಿಯಾಗಿ ಹಿಡಿಸುತ್ತದೆ. ಐಪೀಸಿಗೆ ತಿರುಗಿಸಿ ಹಾಕುವ ಸೌರ ಫಿಲ್ಟರ್ ಎಲ್ಲಿಯಾದರೂ ಕಂಡರೆ ಎಸೆದುಬಿಡಿ, ಅದು ಶಾಖಕ್ಕೆ ಸೀಳಿ ಕಣ್ಣನ್ನೇ ಕಳೆಯಬಲ್ಲದು. ಸೂರ್ಯನನ್ನು ನೋಡಲು ಕೊಳವೆಯ ಬಾಯಿಗೆ ಭದ್ರವಾಗಿ ಕೂರುವ ಫಿಲ್ಟರ್ ಮಾತ್ರ ಸುರಕ್ಷಿತ.

ಡಿಸೆಂಬರ್, ಜನವರಿಗಳಲ್ಲಿ, ಅದರಲ್ಲೂ ಮಂಡ್ಯದ ಕಡೆ ನಾಲೆಯ ನೀರು ಹರಿಯುವ ಗದ್ದೆಬಯಲಿನಲ್ಲಿ, ಇಬ್ಬನಿ ದೊಡ್ಡ ಅಡ್ಡಿ. ಮುಂದೆ ಗಾಜಿರುವ ದೂರದರ್ಶಕಗಳಿಗೆ ಹಳೆಯ ಯೋಗಾ ಮ್ಯಾಟನ್ನು ಸುರುಳಿ ಸುತ್ತಿ, ಗಾಜಿನ ವ್ಯಾಸದ ಒಂದೂವರೆ ಪಟ್ಟು ಮುಂದೆ ಚಾಚುವಂತೆ ಕಟ್ಟಿದರೆ ಸಾಕು. ಇಬ್ಬನಿ ಒಣಗಿಸುವ ಹೀಟರ್ ಪಟ್ಟಿ ಬೇಕೇ ಆದರೆ ಅದಕ್ಕೆ ಬೇರೆ ಬ್ಯಾಟರಿ ಇಡಿ. ಕೆಂಪು ಬೆಳಕಿನ ಟಾರ್ಚಿಗೆ ಹಣ ಕೊಡಬೇಕಾಗಿಲ್ಲ. ಸಾಮಾನ್ಯ ಟಾರ್ಚಿನ ಬಾಯಿಗೆ ಕೆಂಪು ಬಣ್ಣದ ಕಾಗದವನ್ನು ಎರಡು ಪದರ ಕಟ್ಟಬಹುದು.

ಜೂನ್‌ನಲ್ಲಿ ಮಳೆಗಾಲ ಹಿಡಿದಾಗ ಎಎ ಸೆಲ್‌ಗಳನ್ನು ಹೊರತೆಗೆದಿಡಿ, ಸೋರಿದರೆ ಸಂಪರ್ಕದ ಲೋಹವನ್ನು ಅವು ತಿಂದುಹಾಕುತ್ತವೆ. ಐಪೀಸುಗಳನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಶೇಖರಿಸಿಟ್ಟ ಲೆಡ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೇ ಇಟ್ಟು, ತಿಂಗಳಿಗೊಮ್ಮೆ ಚಾರ್ಜ್ ಮಾಡಿ.